ಪಾಲಾಗದೆ ಉಳಿದಿದ್ದ ಹೆಸರು

ಹೆಬ್ಬಗೋಡಿಯ ಹಾರ್ಡ್‌ವೇರ್ ಅಂಗಡಿಯೊಂದರ ಮೇಲೆ ಈರೇಶನ ಆಫೀಸು ಇತ್ತು. ಅಲ್ಲಿ ಮಾರುತ್ತಿದ್ದದ್ದು ಕೈಗೆ ಸಿಗುವ ಸರಕಲ್ಲ, ವೆಬ್‌ಸೈಟಿನ ಹೆಸರುಗಳು. ಪೀಣ್ಯ, ಜಿಗಣಿ, ಬೊಮ್ಮಸಂದ್ರದ ಸಣ್ಣಪುಟ್ಟ ಕಾರ್ಖಾನೆಗಳ ಹೆಸರಿಗೆ ಡಾಟ್ ಕಾಮ್ ಸೇರಿಸಿ ನೋಡಿ, ಇನ್ನೂ ಯಾರೂ ಹಿಡಿದಿಲ್ಲವೆಂದು ಗೊತ್ತಾದರೆ ಈರೇಶ ಅದನ್ನು ತನ್ನ ಹೆಸರಿನಲ್ಲಿ ಬರೆಸಿಕೊಂಡುಬಿಡುತ್ತಿದ್ದ. ಆಮೇಲೆ ಆ ಕಾರ್ಖಾನೆಯವರಿಗೇ ಮಾರುವುದು. ಇಂಗ್ಲಿಷ್ ಬಲ್ಲವರಿಗೆ ಮೇಲ್ ಹೋಗುತ್ತಿತ್ತು. ಕನ್ನಡದವರಿಗೆ ಫೋನ್ ಮಾಡುವ ಕೆಲಸ ಸುಮಂಗಲಾಳದು.

ಹುನಗುಂದದ ಕಡೆಯವಳು ಅವಳು. ಮೊದಲು ಗಾರ್ಮೆಂಟ್ಸಿನಲ್ಲಿದ್ದಳು, ಬಟ್ಟೆಯ ದೂಳಿಗೆ ಕೆಮ್ಮು ಹತ್ತಿದ ಮೇಲೆ ಬಿಟ್ಟಳು. ಇಲ್ಲಿ ಕುಳಿತು ಮಾಡುವ ಕೆಲಸ. ಅವಳ ದನಿಯಲ್ಲಿ ಏನೋ ಒಂದು ನಯವಿತ್ತು, ಬೇಡವೆನ್ನುವವರೂ ಮಾತು ಪೂರ್ತಿ ಕೇಳಿಯೇ ಬೇಡವೆನ್ನುತ್ತಿದ್ದರು.

ಎರಡು ಸಾವಿರದ ಒಂಬತ್ತರ ಬೇಸಿಗೆ. ಪೀಣ್ಯದ ಮಹಾಂತ ಸ್ಪ್ರಿಂಗ್ಸ್‌ಗೆ ಫೋನ್ ಹಚ್ಚಿದಳು. ಎತ್ತಿದವನು ಮಾಲೀಕ ಪಂಚಾಕ್ಷರಿ. ಹಿಂದೆ ಯಂತ್ರಗಳ ಸದ್ದು.

“ಸಾರ್, ನಿಮ್ಮ ಕಂಪನಿ ಹೆಸರಿನ ಡಾಟ್ ಕಾಮ್ ನಮ್ಮ ಹತ್ರ ಇದೆ. ಬೇರೆಯವರ ಪಾಲಾಗೋಕೆ ಮುಂಚೆ ನೀವು ತಗೊಂಡ್ರೆ ಒಳ್ಳೇದು.”

ಪಂಚಾಕ್ಷರಿ ನಕ್ಕ. “ನಿನ್ನ ಮಾತು ನಮ್ಮ ಕಡೀದು ಇದ್ದಂಗೈತಲ್ಲ ತಂಗಿ. ಯಾವೂರು?”

ಊರು ಹೇಳಿದಳು. ಅವನು ಇಳಕಲ್ಲಿನವನು. ಮಾತು ಮಳೆ, ಬೆಳೆ, ಬಸ್ಸಿನ ಕಡೆ ಹೋಗಿ, ತಿರುಗಿ ಹೆಸರಿಗೆ ಬಂತು. ಮಹಾಂತಮ್ಮ ಅವನ ತಾಯಿ. ಅವನೂ ತಮ್ಮ ಬಸಲಿಂಗನೂ ಒಂದೇ ಶೆಡ್ಡಿನಲ್ಲಿ ಶುರುಮಾಡಿದ ಕೆಲಸಕ್ಕೆ ಅವ್ವನ ಹೆಸರು ಇಟ್ಟಿದ್ದರು. ಎರಡು ವರ್ಷದ ಹಿಂದೆ ಬೇರೆಯಾದರು. ಈಗ ತಮ್ಮನ ಶೆಡ್ಡು ಅದೇ ರಸ್ತೆಯ ಆಚೆ ತುದಿಯಲ್ಲಿ.

“ಮಷೀನು ಪಾಲಾದ್ವು, ಗಿರಾಕಿ ಪಾಲಾದ್ರು. ಹೆಸರೊಂದು ಇಬ್ಬರಿಗೂ ಇರ್ಲಿ ಅಂತ ಬಿಟ್ಟೀವಿ. ಈ ಯುಗಾದಿಗಿ ಅಂವ ನಮ್ಮ ಮನೀಗೆ ಉಣ್ಣಾಕ ಬಂದಿದ್ದ. ನಿಮ್ಮ ಡಾಟ್ ಕಾಮು ನನಗ ಬ್ಯಾಡವ್ವ,” ಎಂದ ಪಂಚಾಕ್ಷರಿ.

ಸುಮಂಗಲಾ ಅದನ್ನು ಹಾಗೆಯೇ ಈರೇಶನಿಗೆ ಹೇಳಿದಳು. ಹೇಳಬಾರದಿತ್ತೆಂದು ಅವಳಿಗೆ ಹೊಳೆದದ್ದು ಅವನ ಮುಖ ಅರಳಿದಾಗ.

“ಒಂದೇ ಹೆಸರು, ಎರಡು ಪಾರ್ಟಿ. ಇಂಥದ್ದು ವರ್ಷಕ್ಕೊಂದು ಸಿಗಲ್ಲ ಕಣ್ರೀ. ತಮ್ಮನಿಗೆ ಹಚ್ಚಿ. ಇನ್ನೊಬ್ಬರೂ ಕೇಳ್ತಾ ಇದಾರೆ ಅನ್ನಿ, ಸಾಕು.”

“ಅವರು ಕೇಳಿಲ್ಲ ಸಾರ್. ಬೇಡ ಅಂದ್ರು.”

“ನಾನೆಲ್ಲಿ ಅಣ್ಣನ ಹೆಸರು ಹೇಳಿ ಅಂದೆ? ಎಲ್ಲರಿಗೂ ಹೇಳೋ ಮಾತೇ ಅಲ್ವಾ ಅದು?”

ಅದು ನಿಜ. ದಿನವೂ ಹೇಳುವ ಮಾತು. ಎದುರಿಗೇ ನಿಂತಿದ್ದ ಈರೇಶನನ್ನು ನೋಡುತ್ತ ಬಸಲಿಂಗನಿಗೆ ಫೋನ್ ಮಾಡಿ ಅದನ್ನೇ ಹೇಳಿದಳು.

ಬಸಲಿಂಗ ತಟ್ಟನೆ ಕೇಳಿದ. “ಯಾರು ಕೇಳಾಕತ್ತಾರ? ನಮ್ಮ ಅಣ್ಣ ಏನು?”

ಅಲ್ಲ ಎನ್ನಬೇಕಿತ್ತು. ಈರೇಶ ತುಟಿಯ ಮೇಲೆ ಬೆರಳಿಟ್ಟ. ಸುಮಂಗಲಾ ಸುಮ್ಮನಾದಳು.

“ತಿಳೀತು ಬಿಡು,” ಎಂದ ಬಸಲಿಂಗ.

ಮರುದಿನ ಬೆಳಿಗ್ಗೆ ಪಂಚಾಕ್ಷರಿಯೇ ಫೋನ್ ಮಾಡಿದ. ನಿನ್ನೆಯ ನಗು ಇರಲಿಲ್ಲ. “ನಾ ಬ್ಯಾಡ ಅಂದಿದ್ನೋ ಇಲ್ಲೋ? ನನ್ನ ತಮ್ಮ ಶೆಡ್ಡಿಗೆ ಬಂದು ಆಳುಗಳ ಮುಂದ ಏನೇನೋ ಅಂದು ಹೋದ. ಒಳಗೊಳಗ ಹೆಸರು ಹೊಡ್ಕೊಳಾಕ ಹೊಂಟಿ ಅಂದ. ಈಗ ನನಗ ಅದು ಬೇಕು. ಎಷ್ಟಾಗ್ಲಿ, ಬೇಕು.”

“ಅಣ್ಣಾರ, ನಾನು ನಿಮ್ಮ ಹೆಸರು ಹೇಳಿಲ್ರೀ...”

“ಯಾರು ಹೇಳಿದ್ರೇನು, ಆಗೂದು ಆತು.”

ಮುಂದಿನದನ್ನು ಈರೇಶ ಇ-ಮೇಲ್ ಮೂಲಕ ತಾನೇ ನಡೆಸಿದ. ಇವನ ಬೆಲೆ ಅವನಿಗೆ, ಅವನ ಬೆಲೆ ಇವನಿಗೆ. ಸುಮಂಗಲಾಳ ಮೇಜಿಗೆ ಬೇರೆ ಹೆಸರುಗಳು ಬಂದವು. ಅವಳು ಊಟದ ಬಿಡುವಿನಲ್ಲಿ ಮೆಟ್ಟಿಲ ಮೇಲೆ ನಿಂತು, ತನ್ನ ಸ್ವಂತ ಮೊಬೈಲಿನಿಂದ ಬಸಲಿಂಗನಿಗೆ ಹಚ್ಚಿದಳು. ನಿಮ್ಮಣ್ಣ ಮೊದಲು ಬೇಡ ಅಂದಿದ್ದರು ಎಂದಳು. “ಅವನೇ ನಿನ್ನ ಕೈಲೆ ಹೇಳಸಾಕತ್ತಾನ, ರೇಟು ಇಳೀಲಿ ಅಂತ,” ಎಂದು ಅವನು ಫೋನ್ ಇಟ್ಟ.

ಆ ವಾರವೇ ಆಫೀಸಿನ ನಂಬರಿಗೆ ಒಬ್ಬ ಮುದುಕಿಯ ಫೋನ್ ಬಂತು.

“ಹೆಸರು ಮಾರೂ ಹುಡುಗಿ ನೀನ ಏನವ್ವಾ? ನಾ ಮಹಾಂತಮ್ಮ, ಪಂಚಾಕ್ಷರಿ ತಾಯಿ. ಮೊಮ್ಮಗಳ ಕೈಲೆ ನಂಬರು ಒತ್ತಿಸಿಕೊಂಡೀನಿ. ನನ್ನ ಹೆಸರು ನಿಮ್ಮ ಕಡೆ ಹೆಂಗ ಬಂತು?”

“ಕಂಪ್ಯೂಟರಿನಾಗ ಹಂಗ ಬರತೈತಿ ಅಮ್ಮಾ,” ಎಂದಳು ಸುಮಂಗಲಾ.

“ಬಂದ್ರ ಬರ್ಲಿ. ಇಬ್ಬರೊಳಗ ಯಾರಿಗೂ ಕೊಡಬ್ಯಾಡ. ನಿನ್ನ ಹತ್ರನ ಇಟ್ಕೋ. ನಿನ್ನ ಕಡೆ ಇದ್ರ ಜಗಳಿಲ್ಲ.”

“ಕೇಳ್ತೀನಮ್ಮಾ,” ಎಂದಳು.

ಕೇಳಿದಳು. ಈರೇಶ ಸಿಟ್ಟೇನೂ ಮಾಡಲಿಲ್ಲ. ಕುರ್ಚಿ ಎಳೆದು ಕೂರಿಸಿಯೇ ಮಾತಾಡಿದ. “ನೋಡಿ, ನನಗೂ ಅಣ್ಣತಮ್ಮ ಇದಾರೆ. ಆದ್ರೆ ನಿನ್ನೆನೇ ಬಸಲಿಂಗ ಅವರ ಮೇಲ್ ಬಂತು. ಹೆಸರು ಅವರಿಗೆ ಟ್ರಾನ್ಸ್‌ಫರ್ ಆಗೋಯ್ತು. ಈಗ ವಾಪಸ್ ತಗೊಳ್ಳೋಕೆ ನನ್ನ ಕೈಲೂ ಆಗಲ್ಲ.” ಆಮೇಲೆ, ಇದು ನಿಮ್ಮದೇ ಸೇಲ್ ಅಂತ ಲೆಕ್ಕಕ್ಕೆ ಹಾಕಿದೀನಿ ಎಂದ.

ಬಸಲಿಂಗ ಹೊಸ ವಿಸಿಟಿಂಗ್ ಕಾರ್ಡು ಮಾಡಿಸಿದ. ಅಸಲಿ ಮಹಾಂತ ಸ್ಪ್ರಿಂಗ್ಸ್ ನಮ್ಮದೊಂದೇ ಎಂದು ಗಿರಾಕಿಗಳಿಗೆಲ್ಲ ಮೇಲ್ ಕಳಿಸಿದ. ಪಂಚಾಕ್ಷರಿ ವಕೀಲರನ್ನು ಹಿಡಿದ. ಇದೆಲ್ಲ ಸುಮಂಗಲಾಳಿಗೆ ತಿಳಿದದ್ದು ಮಹಾಂತಮ್ಮನಿಂದ. ಮುದುಕಿ ಮೇಲಿಂದ ಮೇಲೆ ಫೋನ್ ಮಾಡತೊಡಗಿದ್ದಳು. ಬೈಯುತ್ತಿರಲಿಲ್ಲ. ಬೈದಿದ್ದರೆ ಸುಮಂಗಲಾಳಿಗೆ ಹಗುರವಾಗುತ್ತಿತ್ತೇನೋ. “ನೀ ಚಲೋ ಮಾತಾಡ್ತಿ. ಇಬ್ಬರನ್ನೂ ಕೂಡಿಸಿ ಒಂದು ಮಾತು ಆಡಸವ್ವ,” ಎಂದಳು ಒಂದು ದಿನ.

ಇಬ್ಬರನ್ನು ಒಂದೇ ಕರೆಯಲ್ಲಿ ಸೇರಿಸುವ ಸೌಲಭ್ಯ ಆಫೀಸಿನ ಫೋನಿನಲ್ಲಿತ್ತು. ಗಿರಾಕಿ ಗಟ್ಟಿಯಾಗಿ ಚೌಕಾಸಿಗೆ ಇಳಿದಾಗ ಈರೇಶನನ್ನು ಲೈನಿಗೆ ತರಲು ಬಳಸುತ್ತಿದ್ದದ್ದು. ಅವನು ಬ್ಯಾಂಕಿಗೆ ಹೋದ ಸಮಯ ನೋಡಿ ಸುಮಂಗಲಾ ಮೊದಲು ಪಂಚಾಕ್ಷರಿಗೆ ಹಚ್ಚಿದಳು. ಒಂದು ನಿಮಿಷ ಇರ್ರೀ ಎಂದು ಬಸಲಿಂಗನಿಗೂ ಹಚ್ಚಿ ಇಬ್ಬರನ್ನೂ ಕೂಡಿಸಿದಳು.

“ಹಲೋ,” ಎಂದ ಬಸಲಿಂಗ. “ಯಾರು?” ಎಂದ ಪಂಚಾಕ್ಷರಿ.

ಎರಡೂ ಕಡೆ ಯಂತ್ರಗಳ ಸದ್ದು. ಒಂದೇ ರಸ್ತೆಯ ಎರಡು ತುದಿಯ ಅದೇ ಸದ್ದು.

“ಅಣ್ಣಾ?” ಬಸಲಿಂಗನ ದನಿ ಮೆತ್ತಗಾಗಿತ್ತು.

“ಹೆಸರು ಕೊಂಡೀನಿ ಅಂತ ಹೇಳಾಕ ಫೋನ್ ಹಚ್ಚಿದೇನು?” ಎಂದ ಪಂಚಾಕ್ಷರಿ.

“ನಾ ಎಲ್ಲಿ ಹಚ್ಚೀನಿ? ನೀನ ಹಚ್ಚಿದಿ.”

“ಅಣ್ಣಾರ, ನಾನು ಹಚ್ಚೀನ್ರೀ. ನಾನು, ಸುಮಂಗಲಾ. ತಪ್ಪು ನಮ್ಮ ಆಫೀಸಿಂದು...”

ಅವಳ ಮಾತನ್ನು ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಯುಗಾದಿ ಊಟದಿಂದ ಹಿಡಿದು ಹಳೆಯ ಪಾಲಿನವರೆಗೆ, ಹೆಂಡಿರ ಮಾತಿನಿಂದ ಅಪ್ಪನ ತಿಥಿಯವರೆಗೆ ಒಬ್ಬರ ಮೇಲೊಬ್ಬರು ಹೇಳುತ್ತ ಹೋದರು. ನಡುವೆ ಅವಳು “ಸಾರ್, ಸಾರ್” ಎನ್ನುತ್ತಲೇ ಇದ್ದಳು. ಕೊನೆಗೆ ಒಂದು ಕಡೆಯ ಸದ್ದು ನಿಂತಿತು, ಮತ್ತೊಂದು ಕಡೆಯದೂ ನಿಂತಿತು. ಮತ್ತೆ ಹಚ್ಚಿದರೆ ಇಬ್ಬರೂ ಎತ್ತಲಿಲ್ಲ.

ಎರಡು ದಿನ ಬಿಟ್ಟು ಮಹಾಂತಮ್ಮ ಫೋನ್ ಮಾಡಿದಳು. ಇಳಕಲ್ಲಿನಲ್ಲಿರುವ ಮಗಳ ಮನೆಗೆ ಹೊರಟು, ಮೊಮ್ಮಗಳ ಮೊಬೈಲು ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ಕುಳಿತಿದ್ದಳು. ಇಬ್ಬರ ಮನೆಯಲ್ಲೂ ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲ ಎಂದಳು.

“ಒಂದು ಕೇಳಬೇಕಿತ್ತವ್ವ. ದೊಡ್ಡಾವ್ಗ ಬ್ಯಾರೆ ಹೆಸರು ಯಾವುದರ ಸಿಗತೈತೇನು ನಿಮ್ಮಲ್ಲಿ? ನಂದು ಬ್ಯಾಡ. ದೇವರದೋ, ಹೂವಿಂದೋ.”

“ಸಿಗತೈತಿ ಅಮ್ಮಾ. ಆದ್ರ ಅವರು ನನ್ನ ಫೋನ್ ಎತ್ತೂದಿಲ್ಲ.”

“ನನ್ನ ಮಾತೂ ಕೇಳವಲ್ಲ,” ಎಂದಳು ಮುದುಕಿ. ಬಸ್ಸು ಬರುವವರೆಗೆ ಅವಳು ಫೋನ್ ಇಡಲಿಲ್ಲ, ಸುಮಂಗಲಾಳೂ ಇಡಲಿಲ್ಲ.