ಆರನೆಯ ಕುದುರೆ

ನಾನು ಒಂದು ಡೀಸೆಲ್ ಎಂಜಿನ್. ಒಂದೇ ಸಿಲಿಂಡರು, ಐದು ಕುದುರೆಯ ಬಲ. ಕೊಲ್ಲಾಪುರದ ಒಂದು ಎರಕದ ಕಾರ್ಖಾನೆಯಲ್ಲಿ ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಹೊಯ್ದಾಗ ನನ್ನ ಮೈ ಮೂಡಿತು. ನನ್ನ ಎದೆಯೊಳಗೆ ಪಿಸ್ಟನ್ ಮೇಲಕ್ಕೂ ಕೆಳಕ್ಕೂ ಓಡಾಡುತ್ತದೆ. ಆ ಓಡಾಟವನ್ನು ತಿರುಗಾಟವಾಗಿ ಬದಲಿಸುವ ಡೊಂಕು ಉಕ್ಕಿನ ದಂಡಕ್ಕೆ ಕ್ರ್ಯಾಂಕು ಎನ್ನುತ್ತಾರೆ. ನನಗೆ ಬೆನ್ನುಮೂಳೆ ಅಂತ ಇದ್ದರೆ ಅದೇ.

ಮೊದಲ ಆರು ವರ್ಷ ಕಬ್ಬಿನ ಗಾಣವೊಂದಕ್ಕೆ ದುಡಿದೆ. ಆ ಊರಿಗೆ ಕರೆಂಟು ಬಂದ ಮೇಲೆ ನನ್ನನ್ನು ಗೋಡೆಯ ಬದಿಗೆ ಸರಿಸಿ ಮೇಲೆ ಗೋಣಿಚೀಲ ಹೊದಿಸಿದರು. ಅಲ್ಲಿಂದ ನನ್ನನ್ನು ಎತ್ತಿ ತಂದವನು ಯಮನಪ್ಪ ಅಂಬಿಗೇರ. ಕೃಷ್ಣಾ ಹೊಳೆಯ ದಂಡೆಯಲ್ಲಿ ಅಪ್ಪ ಅಜ್ಜಂದಿರ ಕಾಲದಿಂದ ಜನರನ್ನು ದಾಟಿಸುವ ಮನೆತನ ಅವನದು. ಹರಿಗೋಲು ಬಿಟ್ಟು ದೋಣಿ ಮಾಡಿಸಿದ್ದ, ಆ ದೋಣಿಗೆ ನನ್ನನ್ನು ಕೂರಿಸಿದ. ಈಚೆ ದಂಡೆಯಲ್ಲಿ ನಾಲ್ಕು ಹಳ್ಳಿ, ಆಚೆ ದಂಡೆಯಲ್ಲಿ ಪೇಟೆ, ಶಾಲೆ, ಆಸ್ಪತ್ರೆ. ಸುತ್ತು ಹಾಕಿ ದೂರದ ಸೇತುವೆಯ ಮೇಲೆ ಹೋಗುವುದಾದರೆ ಅರ್ಧ ದಿನದ ದಾರಿ.

ಯಮನಪ್ಪನ ಒಬ್ಬಳೇ ಮಗಳು ನೀಲವ್ವ. ಆಗ ಅವಳಿಗೆ ಹನ್ನೊಂದು ವರ್ಷ. ಹ್ಯಾಂಡಲ್ ಹೊಡೆದು ನನ್ನನ್ನು ಎಬ್ಬಿಸುವಾಗ ಅಪ್ಪನ ಕೈಯ ಮೇಲೆ ತನ್ನ ಕೈಯನ್ನೂ ಇಟ್ಟು ತಿರುಗಿಸುತ್ತಿದ್ದಳು. ನಾನು ಮೊದಲ ಸದ್ದು ಮಾಡಿದರೆ, "ಎದ್ದಿತು ನೋಡ ಯಪ್ಪಾ," ಎಂದು ನಗುತ್ತಿದ್ದಳು. ಅವಳ ಮದುವೆಯ ದಿಬ್ಬಣವನ್ನು ಆಚೆ ದಂಡೆಗೆ ಮುಟ್ಟಿಸಿದವನೂ ನಾನೇ. ಬೇಸಿಗೆಯ ಹೊಳೆ, ಸೆಳವಿಲ್ಲದ ನೀರು. ಅಂಥ ಹೊಳೆಗೆ ಐದು ಕುದುರೆ ಧಾರಾಳವಾಗಿತ್ತು.

ಚೊಚ್ಚಲ ಬಾಣಂತನಕ್ಕೆಂದು ಅವಳು ತವರಿಗೆ ಬಂದಾಗ ಶ್ರಾವಣ. ಮೇಲಿನ ಸೀಮೆಯಲ್ಲಿ ಮಳೆ ಹಿಡಿದು ಹೊಳೆ ಎರಡು ದಂಡೆಯನ್ನೂ ತಬ್ಬಿತ್ತು. ಒಂದು ಮುಂಜಾನೆ ನೋವು ಶುರುವಾಯಿತು. ಸೂಲಗಿತ್ತಿ ಹೊರಗೆ ಬಂದು, "ಕೂಸು ಅಡ್ಡ ಐತಿ, ನನ್ನ ಕೈಲೆ ಆಗೂದಿಲ್ಲ. ದವಾಖಾನಿಗೆ ಒಯ್ಯಿರಿ," ಎಂದಳು. ನೀಲವ್ವನನ್ನು ಕೌದಿಯಲ್ಲಿ ಎತ್ತಿ ತಂದು ನನ್ನ ಪಕ್ಕದಲ್ಲೇ ಮಲಗಿಸಿದರು.

ನಡುಹೊಳೆಯ ತನಕ ಬಂದೆ. ಅಲ್ಲಿ ಸೆಳವು ದೋಣಿಯ ಮೂತಿಯನ್ನು ಹಿಡಿದು ತಿರುಗಿಸಿತು. ಯಮನಪ್ಪ ಎಣ್ಣೆ ಹೆಚ್ಚಿಸುವ ಗುಬುಟನ್ನು ಪೂರ್ತಿ ಎಳೆದ. ನಾನು ಕಪ್ಪು ಹೊಗೆ ಕಾರಿದೆ, ಮೈಯೆಲ್ಲ ನಡುಗಿಸಿದೆ, ನನ್ನಲ್ಲಿದ್ದದ್ದನ್ನೆಲ್ಲ ಕೊಟ್ಟೆ. ಎದುರಿಗೇ ಆಚೆ ದಂಡೆಯ ಕಟ್ಟೆ ಕಾಣುತ್ತಿತ್ತು. ಕಟ್ಟೆಯ ಮೇಲೆ ಹಗ್ಗ ಹಿಡಿದು ನಿಂತವರ ಮುಖ ಕಾಣುತ್ತಿತ್ತು. ಒಂದು ಗೇಣು ಮುಂದೆ ಹೋದರೆ ಎರಡು ಗೇಣು ಕೆಳಕ್ಕೆ ಜಾರುತ್ತಿದ್ದೆವು. ಕಡೆಗೆ ಹೊಳೆ ನಮ್ಮನ್ನು ಒಂದೂವರೆ ಮೈಲು ಕೆಳಗೆ ಒಯ್ದು ಆಚೆ ದಂಡೆಯ ಜಾಲಿಯ ಪೊದೆಗೆ ತಂದು ಹಾಕಿತು. ಅಲ್ಲಿಂದ ಕೆಸರಿನಲ್ಲಿ ಹೊತ್ತುಕೊಂಡು ಹೋದರು. ಆಸ್ಪತ್ರೆಯ ಬಾಗಿಲು ಕಾಣುವಷ್ಟರಲ್ಲಿ ತಾಯಿಯೂ ಇರಲಿಲ್ಲ, ಕೂಸೂ ಇರಲಿಲ್ಲ.

ಹದಿಮೂರು ದಿನ ಕಳೆದ ಮೇಲೆ ಯಮನಪ್ಪ ನನ್ನನ್ನು ಬಿಚ್ಚಿ ಚಕ್ಕಡಿಯಲ್ಲಿ ಹೇರಿಕೊಂಡು ಸಾವಂತ್ರೆವ್ವ ಕಮ್ಮಾರಳ ಲೇತಿನ ಶೆಡ್ಡಿಗೆ ತಂದ. ಗಂಡ ತೀರಿಕೊಂಡ ಮೇಲೆ ಲೇತು, ಬೆಸುಗೆ ಎಲ್ಲವನ್ನೂ ತಾನೇ ನಡೆಸಿಕೊಂಡು ಬಂದ ಹೆಂಗಸು ಆಕೆ. ಸೀರೆಯ ಮೇಲೆ ಗಂಡನ ಖಾಕಿ ಅಂಗಿ ತೊಡುತ್ತಿದ್ದಳು. ಕಬ್ಬಿಣವನ್ನು ಬಡಿದು ಸಪ್ಪಳ ಕೇಳಿಯೇ ಒಳಗೆ ಬಿರುಕಿದೆಯೋ ಇಲ್ಲವೋ ಹೇಳಬಲ್ಲವಳು.

"ಯಕ್ಕಾ, ಇದಕ್ಕ ಬಲಾ ಹೆಚ್ಚ ಮಾಡು," ಎಂದ ಯಮನಪ್ಪ.

"ದೊಡ್ಡ ಎಂಜಿನ್ ಹಾಕೊ ತಮ್ಮಾ."

"ದೋಣಿ ಸಣ್ಣದು. ದೊಡ್ಡದು ಕುಂದ್ರೂದಿಲ್ಲ. ಇದನ್ನ ಮಾಡು."

ಸಾವಂತ್ರೆವ್ವ ನನ್ನ ತಲೆ ಬಿಚ್ಚಿ, ಸಿಲಿಂಡರಿನ ಒಳಗೆ ಬೆರಳಾಡಿಸಿ ನೋಡಿದಳು. "ಎಂಜಿನ್ನಿಗೆ ಬಲಾ ಬರೂದು ಗಾಳಿಲೆ. ಹೆಚ್ಚ ಗಾಳಿ ಎಳಕೊಂಡ್ರ ಹೆಚ್ಚ ಎಣ್ಣಿ ಸುಡತೈತಿ, ಹೆಚ್ಚ ನೂಕತೈತಿ. ಅದಕ್ಕ ಒಳಗ ಜಾಗಾ ಹೆಚ್ಚ ಬೇಕು. ಒಂದೋ ಸಿಲಿಂಡರ್ ಅಗಲ ಮಾಡಬೇಕು. ಇದನ್ನ ಆಗಲೇ ಎರಡ ಸಲ ಕೊರದಾರ, ಗ್ವಾಡಿ ತೆಳ್ಳಗಾಗೇತಿ. ಇಲ್ಲಾಂದ್ರ ಪಿಸ್ಟನ್ನಿನ ಓಟ ಉದ್ದ ಮಾಡಬೇಕು."

"ಅದನ್ನ ಮಾಡು."

"ಪೂರಾ ಕೇಳು. ಬೀಸುಕಲ್ಲಿನ ಗೂಟ ನಡುವಿನ ಹತ್ರ ಇದ್ರ ತಿರಗಸಾಕ ರಟ್ಟಿ ಬೀಳ್ತಾವು. ಅಂಚಿಗಿದ್ರ ಹಗೂರ. ಪಿಸ್ಟನ್ನಿನ ದಂಡ ಹಿಡಕೊಂಡ ಕ್ರ್ಯಾಂಕಿನ ಪಿನ್ನೂ ಹಂಗ. ಅದನ್ನ ನಡುವಿನಿಂದ ದೂರ ಸರಿಸಿದ್ರ ಓಟಾನೂ ಉದ್ದ, ನೂಕೂ ಬಲಾನೂ ಹೆಚ್ಚು. ಆದ್ರ ದೊಡ್ಡ ಸುತ್ತು ಹಾಕಬೇಕಲ್ಲ, ಅಷ್ಟ ಹೊತ್ತಿನಾಗ ಪಿಸ್ಟನ್ ಹೆಚ್ಚ ದೂರ ಓಡಬೇಕು. ಜಗ್ಗಾಟ ಹೆಚ್ಚು. ಮ್ಯಾಲೆ ಆ ಪಿನ್ನು ಬೆಸಗಿ ಹಾಕಿದ್ದು. ಹುಟ್ಟಾ ಬಂದ ಉಕ್ಕಿನಂಗ ಇರೂದಿಲ್ಲ."

"ಎಷ್ಟ ಕುದರಿ ಆಕೈತಿ?"

"ಐದಿದ್ದದ್ದು ಆರು."

ಯಮನಪ್ಪ ಬಿಚ್ಚಿಟ್ಟ ನನ್ನ ತಲೆಯ ಮೇಲೆ ಕೈಯಿಟ್ಟ. "ಅವತ್ತ ಒಂದ ಕುದರಿ ಕಡಿಮಿ ಬಿತ್ತು ಯಕ್ಕಾ," ಎಂದ.

ಅವಳು ಕೆಲಸಕ್ಕೆ ಇಳಿದಳು. ಕ್ರ್ಯಾಂಕಿನ ಪಿನ್ನಿಗೆ ಒಂದು ಬದಿಯಿಂದ ಬೆಸುಗೆ ತುಂಬಿ, ಇನ್ನೊಂದು ಬದಿಯಿಂದ ಕೆರೆದು, ಅದನ್ನು ಹತ್ತು ಮಿಲಿಮೀಟರು ಹೊರಗೆ ಸರಿಸಿದಳು. ಈಗ ಪಿಸ್ಟನ್ ಹತ್ತು ಮಿಲಿಮೀಟರು ಹೆಚ್ಚು ಮೇಲೇರುತ್ತಿತ್ತು, ಹತ್ತು ಹೆಚ್ಚು ಕೆಳಗಿಳಿಯುತ್ತಿತ್ತು. ಮೇಲೆ ತಲೆಗೆ ಬಡಿಯದಂತೆ ಸಿಲಿಂಡರಿನ ಬುಡಕ್ಕೆ ಅಷ್ಟೇ ದಪ್ಪದ ತಟ್ಟೆ ಕೊಟ್ಟು ಎತ್ತರಿಸಿದಳು. ಕೆಳಗೆ ತಾಗುವಲ್ಲಿ ನನ್ನ ಹೊಟ್ಟೆಯ ಗೋಡೆಯನ್ನು ಅರದಿಂದ ಉಜ್ಜಿ ಸವೆಸಿದಳು. ಒಂದೊಂದು ಉಸಿರಿಗೂ ಒಂದು ದೊಡ್ಡ ಚಹಾ ಕಪ್ಪಿನಷ್ಟು ಹೆಚ್ಚು ಗಾಳಿ ನನ್ನೊಳಗೆ ಬಂತು. ಎಣ್ಣೆಯ ಗುಬುಟಿಗೆ ಅಡ್ಡಲಾಗಿ ಒಂದು ತಿರುಪು ಹಾಕಿ, "ಇದರ ಆಚಿ ಎಳೀಬ್ಯಾಡ. ವರ್ಷಕ್ಕೊಮ್ಮಿ ಬೇಸಿಗ್ಯಾಗ ತಂದು ತೋರಸು," ಎಂದು ಕಳಿಸಿದಳು.

ಮುಂದಿನ ಮಳೆಗಾಲದಲ್ಲಿ ಪಕ್ಕದ ಊರಿನಿಂದ ಒಬ್ಬ ಬಸುರಿಯನ್ನು ಕರೆತಂದರು. ಅದೇ ತುಂಬು ಹೊಳೆ, ಅದೇ ಸೆಳವು. ನಡುಹೊಳೆಯಲ್ಲಿ ನೀರು ನನ್ನನ್ನು ಹಿಡಿದು ಜಗ್ಗಿತು. ನಾನು ಜಗ್ಗಲಿಲ್ಲ. ಮೈ ನಡುಗಿಸುತ್ತಾ, ಗೇಣು ಗೇಣಾಗಿ ಮುಂದೆ ಹೋಗಿ ಕಟ್ಟೆಗೆ ನೇರವಾಗಿ ಹತ್ತಿದೆ. ಜನ ಕೇಕೆ ಹಾಕಿದರು. ಆ ಹೆಂಗಸನ್ನು ಎತ್ತಿಕೊಂಡು ಓಡಿದರು. ಸ್ವಲ್ಪ ಹೊತ್ತಿಗೆ ಯಾರೋ ಬಂದು ಗಂಡು ಕೂಸು ಎಂದು ಕೂಗಿ ಹೇಳಿದರು. ಯಮನಪ್ಪ ನನ್ನನ್ನು ನಿಲ್ಲಿಸಿ, ಬಿಸಿಯಾಗಿದ್ದ ನನ್ನ ಮೈಗೆ ಬೆನ್ನು ಕೊಟ್ಟು ಕುಳಿತು, ಮುಖದ ಮೇಲೆ ಟವೆಲ್ಲು ಹಾಕಿಕೊಂಡು ಅತ್ತ. ಒಂದು ವರ್ಷ ತಡವಾಗಿ ಬಂದ ಬಲ ಅದು. ನನಗೆ ಆ ದಿನ ಗೆದ್ದೆ ಎಂದು ಅನ್ನಿಸಲೇ ಇಲ್ಲ.

ಹಾಗೆ ಒಂಬತ್ತು ಮಳೆಗಾಲ ನಡೆಯಿತು. ಯಾರನ್ನೂ ಹೊಳೆಗೆ ಬಿಟ್ಟುಕೊಡಲಿಲ್ಲ. ಪ್ರತಿ ಬೇಸಿಗೆಯಲ್ಲಿ ಸಾವಂತ್ರೆವ್ವ ನನ್ನ ಕ್ರ್ಯಾಂಕನ್ನು ಹೊರತೆಗೆದು, ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಸುಣ್ಣದ ಪುಡಿ ಉದುರಿಸುತ್ತಿದ್ದಳು. ಬಿರುಕಿದ್ದರೆ ಅದರೊಳಗಿನ ಎಣ್ಣೆ ಒಸರಿ ಪುಡಿಯ ಮೇಲೆ ಗೆರೆ ಮೂಡುತ್ತದೆ. ಒಂಬತ್ತು ವರ್ಷ ಪುಡಿ ಬೆಳ್ಳಗೇ ಇತ್ತು.

ಹತ್ತನೆಯ ವರ್ಷ ಗೆರೆ ಮೂಡಿತು. ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಷ್ಟು ಸಣ್ಣಗೆ, ಪಿನ್ನಿನ ಅರ್ಧ ಸುತ್ತಿಗೆ. ಆ ಹೊತ್ತಿಗಾಗಲೇ ರೋಹಿಣಿ ಮಳೆ ಬಿದ್ದಿತ್ತು.

"ಇದು ಮುಗೀತು ಯಮನಪ್ಪಾ," ಎಂದಳು.

"ಇದೊಂದ ಮಳಿಗಾಲ ನಡಸು. ದಸರಾಕ್ಕ ಬ್ಯಾರೆ ನೋಡೂಣು. ಇಂತಾ ಎಂಜಿನ್ ಮಾಡೂ ಕಾರಖಾನೀನ ಮುಚ್ಚೇತಿ, ಕ್ರ್ಯಾಂಕ್ ಎಲ್ಲಿಂದ ತರ್ಲಿ ಈಗ?"

"ಬಿರುಕು ಎಷ್ಟ ಒಳಗ ಹೋಗೇತಿ ಗೊತ್ತಿಲ್ಲ. ನಡುಹೊಳಿಯಾಗ ಮುರದ್ರ?"

"ಮುರೀಲಿಕ್ಕಿಲ್ಲ."

"ಮುರದ್ರ?"

ಯಮನಪ್ಪನ ದನಿ ಏರಿತು. "ಆಚಿ ದಂಡಿ ಮುಟ್ಟಸಲಾರದ ನೋಡಕೋಂತ ಕುಂದ್ರೂದು ಏನಂತ ನಿನಗ ಗೊತ್ತಿಲ್ಲ. ನನ್ನ ಮಗಳು ನನ್ನ ಕಣ್ಣ ಮುಂದ..."

"ಆಕಿ ಸಲುವಾಗಿ ದೋಣ್ಯಾಗಿನ ಹನ್ನೆರಡ ಮಂದೀನ ಮುಳಗಸ್ತಿಯೇನ?"

ಅವನು ಕ್ರ್ಯಾಂಕನ್ನು ಹೆಗಲಿಗೆ ಹಾಕಿಕೊಳ್ಳಲು ಬಗ್ಗಿದ. ಬೇರೆ ಯಾರಾದರೂ ಜೋಡಿಸಿ ಕೊಡುತ್ತಿದ್ದರು, ಅದು ಅವಳಿಗೂ ಗೊತ್ತಿತ್ತು. ಅವನಿಗಿಂತ ಮೊದಲು ಅವಳು ಗ್ಯಾಸ್ ಕಟರ್ ಹೊತ್ತಿಸಿದಳು. ನೀಲಿ ಉರಿ ನನ್ನ ಕ್ರ್ಯಾಂಕಿನ ಒಂದು ತೋಳನ್ನು ಸುಟ್ಟು ಕತ್ತರಿಸಿತು, ಆಮೇಲೆ ಇನ್ನೊಂದನ್ನು. ಪಿನ್ನು ಬೇರೆಯಾಗಿ ನೆಲಕ್ಕೆ ಬಿದ್ದು ಉರುಳಿತು. ಯಮನಪ್ಪ ಅದನ್ನೇ ನೋಡುತ್ತಾ ನಿಂತಿದ್ದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ನನ್ನನ್ನು ಒಯ್ಯಲು ಅವನು ಬರಲಿಲ್ಲ.

ಇನ್ನೊಂದು ಎಂಜಿನ್ ಹುಡುಕಿ ತರುವ ಮೊದಲೇ ಹೊಳೆ ತುಂಬಿತು. ಆಷಾಢದಲ್ಲಿ ಒಂದು ಮಧ್ಯಾಹ್ನ, ಕುರಿ ಕಾಯುತ್ತಿದ್ದ ಮಾಳಿಂಗನಿಗೆ ಹಾವು ಕಚ್ಚಿತು. ಇಪ್ಪತ್ತೆರಡು ವರ್ಷದ ಆಳು. ದಂಡೆಗೆ ತಂದು ಮಲಗಿಸಿದರು. ಯಮನಪ್ಪ ಹುಟ್ಟು ಹಾಕಿ ನೋಡಿದ, ಹತ್ತು ಮಾರು ಹೋಗಿ ಸೆಳವಿಗೆ ಸಿಕ್ಕು ವಾಪಸ್ಸು ಬಂದ. ಜೀಪು ತಂದು ಸುತ್ತುದಾರಿಯಲ್ಲಿ ಹೊರಟರು. ಅರ್ಧದಾರಿಯಲ್ಲಿ ಮಾಳಿಂಗನ ಉಸಿರು ನಿಂತಿತು.

ಮೂರನೆಯ ದಿನ ಅವನ ತಾಯಿ ಮಾಯವ್ವ ಶೆಡ್ಡಿನ ಬಾಗಿಲಿಗೆ ಬಂದು ನಿಂತಳು. ಬೈಯಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. "ಮುರೀತಿತ್ತು ಅಂತೀಯಲ್ಲ ಸಾವಂತ್ರೆವ್ವಾ. ಮುರೀತಿತ್ತೇನೋ. ನನ್ನ ಮಗನ್ನ ಆಚಿ ದಂಡಿಗೆ ಇಳಿಸಿದ ಮ್ಯಾಲೆ ಮುರೀತಿತ್ತೇನೋ," ಎಂದಳು. ಅಷ್ಟೇ ಹೇಳಿ ಹೋದಳು.

ಮುಳುಗದ ದೋಣಿಯನ್ನು ಯಾರಿಗೆ ತೋರಿಸುವುದು? ಹೋದ ಹುಡುಗ ಎಲ್ಲರ ಕಣ್ಣಿಗೂ ಕಾಣುತ್ತಿದ್ದ. ಊರಿನವರು ನೇಗಿಲ ಕುಳ ಬಡಿಸಲು ಕೂಡ ಬೇರೆ ಕಡೆ ಹೋಗತೊಡಗಿದರು. ಸಾವಂತ್ರೆವ್ವ ಆ ಪಿನ್ನನ್ನು ಹರಕು ಬಟ್ಟೆಯಲ್ಲಿ ಸುತ್ತಿ ಲೇತಿನ ಕೆಳಗೆ ಇಟ್ಟಿದ್ದಳು. ಅದನ್ನು ಒಡೆದರೆ ಬಿರುಕು ಎಷ್ಟು ಆಳ ಹೋಗಿತ್ತೆಂದು ಕಾಣುತ್ತಿತ್ತು. ಹಳೆಯ ಬಿರುಕು ಎಣ್ಣೆ ಕುಡಿದು ಕಪ್ಪಾಗಿರುತ್ತದೆ, ಆಗ ಒಡೆದ ಉಕ್ಕು ಬೆಳ್ಳಗೆ ಹೊಳೆಯುತ್ತದೆ. ಎಷ್ಟೋ ಸಲ ಹೊರತೆಗೆದು, ತೊಡೆಯ ಮೇಲೆ ಇಟ್ಟುಕೊಂಡು ಕುಳಿತು, ಮತ್ತೆ ಸುತ್ತಿ ಒಳಗಿಟ್ಟಳು. ಒಡೆಯುವ ಧೈರ್ಯ ಬರಲಿಲ್ಲ.

ವರ್ಷಗಳು ಹೋದವು. ಊರ ಹತ್ತಿರವೇ ಹೊಳೆಗೆ ಸೇತುವೆ ಬಂತು. ಬೆಸುಗೆಯ ಬೆಳಕನ್ನು ನೋಡೀ ನೋಡೀ ಸಾವಂತ್ರೆವ್ವನ ಕಣ್ಣು ಪೂರ್ತಿ ಹೋದವು. ನಾನು ಶೆಡ್ಡಿನ ಮೂಲೆಯಲ್ಲಿ, ಬೆನ್ನಿಲ್ಲದ ಮೈಯಾಗಿ, ಹೊಟ್ಟೆಯಲ್ಲಿ ಇಲಿಗಳನ್ನು ಸಾಕುತ್ತಾ ಬಿದ್ದಿದ್ದೆ. ಒಂದು ದಿನ ಇಳಿಹೊತ್ತಿಗೆ ಯಮನಪ್ಪ ಬಂದ. ತಲೆ ಬೆಳ್ಳಗಾಗಿತ್ತು.

"ಯಕ್ಕಾ, ನಾ ಯಮನಪ್ಪ."

"ನಡಿಗಿ ಸಪ್ಪಳದಾಗ ಗೊತ್ತಾತು. ಕುಂದರು."

ಅವನು ಲೇತಿನ ಪಕ್ಕದಲ್ಲಿ ಕುಳಿತ. ಅವಳು, "ನೀ ಬಂದಿ ಛಲೋ ಆತು. ಒಂದ ಕೆಲಸ ಉಳದೈತಿ. ಲೇತಿನ ಬುಡಕ ಅರಿವ್ಯಾಗ ಸುತ್ತಿದ್ದೈತಿ. ಅದನ್ನ ಒಡದು ನೋಡಿ ಹೇಳು," ಎಂದಳು.

ಯಮನಪ್ಪ ಪಿನ್ನನ್ನು ಅಡಿಗಲ್ಲಿನ ಮೇಲೆ ಅಡ್ಡ ಇಟ್ಟು ದೊಡ್ಡ ಸುತ್ತಿಗೆ ಎತ್ತಿದ. ಮೊದಲ ಏಟಿಗೆ ಅದು ಗಣಗಣ ಅಂದಿತು. ಎರಡನೆಯದಕ್ಕೂ ಹಾಗೆಯೇ. ಅವನು ದಣಿದು ನಿಂತ, ಉಸಿರು ತೆಗೆದುಕೊಂಡು ಮತ್ತೆ ಹೊಡೆದ. ಮತ್ತೆ ನಿಂತ. ಸಾವಂತ್ರೆವ್ವ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ತಲೆ ಸ್ವಲ್ಪ ವಾಲಿಸಿ ಕೇಳುತ್ತಿದ್ದಳು. ಎಷ್ಟೋ ಏಟುಗಳಾದ ಮೇಲೆ ಪಿನ್ನು ಎರಡಾಯಿತು.

ಅಂಚಿನಲ್ಲಿ ಉಗುರಿನ ದಪ್ಪದ ಕಪ್ಪು ಗೆರೆ ಇತ್ತು. ಉಳಿದದ್ದೆಲ್ಲ ಬೆಳ್ಳಗೆ, ಸಕ್ಕರೆಯಂತೆ ಹೊಳೆಯುತ್ತಿತ್ತು. ಆ ಮಳೆಗಾಲವನ್ನು ಅದು ದಾಟಿಸುತ್ತಿತ್ತು. ಬಹುಶಃ ಅದರ ಮುಂದಿನದನ್ನೂ.

"ಎಷ್ಟ ಹೋಗಿತ್ತೊ ತಮ್ಮಾ?"

ಯಮನಪ್ಪ ಎರಡು ತುಂಡುಗಳನ್ನೂ ಟವೆಲ್ಲಿನಲ್ಲಿ ಸುತ್ತಿದ. "ಪೂರಾ ಹೋಗಿತ್ತು ಯಕ್ಕಾ. ಎಲ್ಲಾ ಕರ್ರಗಾಗೇತಿ. ಕೂದಲೆಳಿಯಷ್ಟ ಉಳದಿತ್ತು. ನಡುಹೊಳಿಯಾಗ ಕೈ ಕೊಡತಿತ್ತು. ನೀ ಮಾಡಿದ್ದ ಬರೋಬರಿ."

ನಲವತ್ತು ವರ್ಷ ಕಬ್ಬಿಣದ ಸಪ್ಪಳ ಕೇಳಿದವಳು ಅವಳು. ಬಿರುಕು ತುಂಬಿದ ಉಕ್ಕು ಗಣಗಣ ಅನ್ನುವುದಿಲ್ಲ, ಒಂದೇ ಏಟಿಗೆ ಬೀಳುತ್ತದೆ. ಮುಟ್ಟಿ ನೋಡುತ್ತೇನೆ ಕೊಡು ಎಂದು ಅವಳು ಕೇಳಲಿಲ್ಲ. ಗಾಳಿಯಲ್ಲಿ ತಡಕಾಡಿ ಅವನ ಕೈ ಹಿಡಿದಳು.

"ಹೌದಾ," ಎಂದಳು. "ದಣದಿ. ನೀರ ಕುಡದು ಹೋಗು."

ಆ ವರ್ಷವೇ ಅವಳು ತೀರಿಕೊಂಡಳು. ಯಮನಪ್ಪ ಆ ತುಂಡುಗಳನ್ನು ಏನು ಮಾಡಿದನೋ ನನಗೆ ತಿಳಿಯದು. ನಾನು ಇನ್ನೂ ಈ ಮೂಲೆಯಲ್ಲೇ ಇದ್ದೇನೆ. ಓಟ ಎಷ್ಟು ಉದ್ದವಾದರೆ ಬಲ ಎಷ್ಟು ಹೆಚ್ಚುತ್ತದೆ ಎಂದು ಅಳೆದು ಹೇಳಬಲ್ಲವರು ಲೋಕದಲ್ಲಿ ಬಹಳ ಜನ ಇರಬಹುದು. ಆ ಸಂಜೆ ಈ ಶೆಡ್ಡಿನಲ್ಲಿ ಇಬ್ಬರು ಮುದುಕರು ಒಬ್ಬರಿಗೊಬ್ಬರು ಏನನ್ನು ದಾಟಿಸಿದರು ಎಂಬುದನ್ನು ಕಂಡವನು ನಾನೊಬ್ಬನೇ.