ಸೋಮನಾಥ ಸರ್ ಕೊಟ್ಟ ಹೇಳಿಕೆ

ಎಂಟು ವರ್ಷದ ಹಿಂದೆ ನಮ್ಮ ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಒಂದು ಕ್ಷಮಾಪಣೆ ಬಂತು. ‘ವರದಿಗಾರ್ತಿ ಹರಿಣಿಯ ತಪ್ಪಿನಿಂದಾಗಿ’ ಎಂದು ಶುರು. ಒಂದು ಕಂಪನಿಯ ಬಗ್ಗೆ ನಾನು ಬರೆದದ್ದು ನೂರಕ್ಕೆ ನೂರು ನಿಜವೆಂದು ಸಂಪಾದಕ ಸೋಮನಾಥ ಸರ್‌ಗೆ ಗೊತ್ತಿತ್ತು. ಆದರೆ ಆ ಕಂಪನಿ ದೊಡ್ಡ ಜಾಹೀರಾತುದಾರ. ನನ್ನನ್ನು ಬಲಿಕೊಟ್ಟು ತಾವು ಕುರ್ಚಿ ಉಳಿಸಿಕೊಂಡರು. ಎರಡು ವರ್ಷ ಮುಂಬಯಿಯಲ್ಲಿ ಯಾರೂ ನನಗೆ ಕೆಲಸ ಕೊಡಲಿಲ್ಲ. ಇಂಥದ್ದನ್ನೆಲ್ಲ ಕ್ಷಮಿಸುವ ದೊಡ್ಡ ಮನಸ್ಸು ನನಗಿಲ್ಲ.

ಈಗ ಅವರು ಪವಾಯಿಯ ಬೇರೊಂದು ಕಂಪನಿಯ ವಕ್ತಾರ. ಕಸವನ್ನು ತಾನೇ ನೋಡಿ ಬೇರ್ಪಡಿಸುವ ಬುದ್ಧಿವಂತ ಯಂತ್ರ ತಮ್ಮದೆಂದು ಆ ಕಂಪನಿ ಊರೆಲ್ಲ ಡಂಗುರ ಸಾರುತ್ತಿತ್ತು. ನಾನು ಈಗ ಒಂದು ಸುದ್ದಿತಾಣಕ್ಕೆ ತಂತ್ರಜ್ಞಾನದ ಬಗ್ಗೆ ಬರೆಯುತ್ತೇನೆ. ಆ ಯಂತ್ರದ ಬೆನ್ನು ಹತ್ತಿ ಧಾರಾವಿ ತಲುಪಿದೆ. ಒಂದು ವರ್ಕ್‌ಶಾಪಿನ ಮಾಳಿಗೆಯಲ್ಲಿ ಮೂವತ್ತು ಹೆಂಗಸರು ಕಂಪ್ಯೂಟರ್ ಮುಂದೆ ಕೂತು, ಆ ಯಂತ್ರದ ಕ್ಯಾಮೆರಾ ಕಳಿಸಿದ ಕಸದ ಚಿತ್ರ ನೋಡಿ, ಯಾವುದು ಪ್ಲಾಸ್ಟಿಕ್, ಯಾವುದು ಕಾಗದ ಎಂದು ಬಟನ್ ಒತ್ತುತ್ತಿದ್ದರು. ಅವರಲ್ಲಿ ವಿಜಯಪುರ ಕಡೆಯ ಅಂಬವ್ವ ನನ್ನ ಕನ್ನಡ ಕೇಳಿ ಹತ್ತಿರ ಬಂದಳು.

“ಮಷೀನ್ ಅಂದ್ರ ನಾವ ಅದೀವ್ರಿ ಅಕ್ಕಾರ,” ಎಂದು ನಕ್ಕಳು.

ಕಂಪನಿಗೆ ಪ್ರಶ್ನೆಗಳನ್ನು ಕಳಿಸಿದೆ. ಮರುದಿನವೇ ಸೋಮನಾಥ ಸರ್ ಗ್ರಾಂಟ್ ರೋಡಿನ ಉಡುಪಿ ಹೋಟೆಲಿಗೆ ಕರೆದರು. ಫೋನನ್ನು ರೆಕಾರ್ಡಿಂಗಿಗೆ ಹಾಕಿ ಅವರಿಗೆ ಕಾಣುವಂತೆಯೇ ಮೇಜಿನ ಮೇಲಿಟ್ಟೆ. ನೋಡಿದರು, ಕ್ಯಾರೇ ಅನ್ನಲಿಲ್ಲ. ಅವರ ಕಣ್ಣಿಗೆ ನಾನಿನ್ನೂ ಅವರ ಕೈಕೆಳಗಿನ ಹುಡುಗಿ.

“ಮಷೀನ್ ಇನ್ನೂ ಕೆಲಸಾ ಮಾಡೂದಿಲ್ಲವ್ವಾ. ಬಂಡವಾಳ ಹಾಕಿದವರಿಗೆ ಹೆಂಗ ಹೇಳೂದು? ಎರಡ ವರ್ಷದಿಂದ ಸುಳ್ಳ ಹೇಳಿಕೋತ ಬಂದೇವಿ.” ಕಾಫಿ ಮುಗಿಸಿ ಮೀಸೆ ಒರೆಸಿಕೊಂಡರು. “ಇದೆಲ್ಲಾ ಆಫ್ ದ ರೆಕಾರ್ಡ್, ಹಾಂ?”

“ಬರೀಬ್ಯಾಡ ಅನ್ನೂದನ್ನ ಮಾತಾಡೂ ಮೊದಲ ಹೇಳಬೇಕ್ರಿ ಸರ್. ನಾ ಹೂಂ ಅನ್ನಬೇಕು. ನೀವ ಕಲಿಸಿದ್ದು.”

ಅವರ ಮುಖ ಬಿಳಿಚಿಕೊಂಡಿತು. “ಐವತ್ತೆಂಟಾತು ನನಗ. ಹೆಸರರೆ ಬಿಡು ಹರಿಣಿ. ಕೈ ಮುಗೀತೀನಿ.”

ನಿಜವಾಗಿಯೂ ಕೈ ಮುಗಿದರು. ನನಗೆ ಹಬ್ಬ. ಸುಳ್ಳೇಕೆ ಹೇಳಲಿ?

ಅಂದೇ ಸಂಜೆ ಅವರ ಮಾತು ಹೆಸರು, ಹುದ್ದೆ, ಫೋಟೋ ಸಮೇತ ಪ್ರಕಟವಾಯಿತು. ಮರುದಿನ ಮಧ್ಯಾಹ್ನದೊಳಗೆ ಅವರ ಕೆಲಸ ಹೋಯಿತು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತ ಆಫೀಸಿಗೆಲ್ಲ ಪೇಢೆ ಹಂಚಿದೆ. ಕೊನೆಯದನ್ನು ನಾನು ಬಾಯಿಗಿಟ್ಟುಕೊಳ್ಳುವಾಗ ಅಂಬವ್ವನ ಫೋನ್ ಬಂತು.

“ಮುಂಜಾನೆ ಹೋದ್ರ ಕೀಲಿ ಹಾಕ್ಯಾರ್ರಿ ಅಕ್ಕಾರ. ಮೂವತ್ತೂ ಮಂದಿ ಗಲ್ಲ್ಯಾಗ ನಿಂತೀವಿ. ಬರಿಯೂ ಮೊದಲ ನಮಗೊಂದ ಮಾತ ಹೇಳಿದ್ರ ಬ್ಯಾರೆ ಕಡೆ ಕೆಲಸ ನೋಡ್ಕೋತಿದ್ವಲ್ರಿ.”

ಕಂಪನಿಯನ್ನು ಕೇಳದೆ ಬರೆಯಬಾರದು ಎಂಬುದು ನಮ್ಮ ಕಸುಬಿನ ನಿಯಮ. ಅಂಬವ್ವನಿಗೆ ಹೇಳಬೇಕೆಂಬ ನಿಯಮ ಎಲ್ಲೂ ಇಲ್ಲ. ಆದರೆ ಅದಕ್ಕೆ ನಿಯಮ ಯಾಕೆ ಬೇಕಿತ್ತು? ಸೋಮನಾಥನನ್ನು ಕೆಡವುವ ಆತುರದಲ್ಲಿ ಅವಳು ನನ್ನ ನೆನಪಿಗೇ ಬಂದಿರಲಿಲ್ಲ.

“ಅಕ್ಕಾರ, ಈಗ ನಾವ ಏನ ಮಾಡೂಣ್ರಿ?” ಎಂದಳು.