ಒಂದು ಅಕ್ಷರಕ್ಕೆ ನಿಂತ ಮೆಷಿನ್

ಪ್ರೆಸ್ಸಿನಲ್ಲಿ ಅವಳನ್ನು ಎಲ್ಲರೂ ಭೂತಗನ್ನಡಿ ಅಂತಲೇ ಕರೆಯುತ್ತಿದ್ದರು. ಕಂಪ್ಯೂಟರಿನಲ್ಲಿ ಪುಟ ಕಟ್ಟುವುದು ಅವಳ ಕೆಲಸ. ಅಚ್ಚಿಗೆ ಹೋಗುವ ಮುಂಚೆ ಫೈಲಿನ ಫಾಂಟುಗಳನ್ನೆಲ್ಲ ಒಂದೊಂದಾಗಿ ಕೆದಕಿ ನೋಡದಿದ್ದರೆ ಅವಳಿಗೆ ಸಮಾಧಾನವಿರಲಿಲ್ಲ. ಆ ಹೆಸರಿಟ್ಟವರು ಪ್ರೆಸ್ಸಿನ ಯಜಮಾನರು, ಅವಳ ಸೋದರಮಾವ. ಅಪ್ಪ ಹೋದ ಮೇಲೆ ಅವಳನ್ನು ಮನೆಗೆ ಕರೆತಂದು, ಕಾಗದ ಮುಟ್ಟಿ ಅದರ ದಪ್ಪ ಹೇಳುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದವರೂ ಅವರೇ. ಹಾಗಾಗಿ ಮಾವ ಏನೇ ಅಂದರೂ ಅವಳು ಹೂಂ ಅಂದುಕೊಂಡೇ ಬಂದಿದ್ದಳು.

ಆ ವಾರ ಕೈಯಲ್ಲಿದ್ದದ್ದು ಮಕ್ಕಳ ಆಸ್ಪತ್ರೆಯ ಕೆಲಸ. ಎಷ್ಟು ತೂಕದ ಕೂಸಿಗೆ ಯಾವ ಔಷಧಿ ಎಷ್ಟು ಕೊಡಬೇಕು ಅಂತ ಹೇಳುವ, ನರ್ಸುಗಳು ಜೇಬಿನಲ್ಲಿಟ್ಟುಕೊಳ್ಳುವ ಪುಟ್ಟ ಪುಸ್ತಕ. ಅಲ್ಲಿನ ಹೆಡ್ ನರ್ಸ್ ಬರೆದದ್ದು. ಹಿಂದೊಮ್ಮೆ ಇಲ್ಲೇ ಅಚ್ಚಾಗಿತ್ತು, ಈಗ ಒಂದಿಷ್ಟು ತಿದ್ದುಪಡಿಯೊಂದಿಗೆ ಮತ್ತೆ ಬರಬೇಕಿತ್ತು. ಅಷ್ಟರಲ್ಲಿ ಅವಳಿಗೆ ಹಲ್ಲುನೋವು ಶುರುವಾಗಿ ಮನೆಯಲ್ಲಿ ಮಲಗಿದಳು. ಮಾವ ತಾವೇ ಹೊಸ ಕಂಪ್ಯೂಟರಿನಲ್ಲಿ ಫೈಲು ತೆರೆದು, ತಿದ್ದಿ, ಪ್ರೂಫು ಕಳಿಸಿ, ಸಹಿ ಹಾಕಿಸಿಕೊಂಡು, ಅಚ್ಚಿನ ಪ್ಲೇಟನ್ನೂ ಮಾಡಿಸಿಬಿಟ್ಟರು.

ಹಲ್ಲು ಕೀಳಿಸಿಕೊಂಡು, ಊದಿದ ಕೆನ್ನೆ ಹೊತ್ತು ಅವಳು ಬಂದಾಗ ಮೆಷಿನ್ ಓಡುತ್ತಿತ್ತು. ನೆಲವೆಲ್ಲ ಅದುರುತ್ತಿತ್ತು. ಅವಳು ಅಭ್ಯಾಸಬಲದಿಂದ ಫೈಲು ತೆರೆದಳು. ಪರದೆ ಚೊಕ್ಕಟವಾಗಿತ್ತು, ಒಂದು ಎಚ್ಚರಿಕೆಯೂ ಬರಲಿಲ್ಲ. ಅದೇ ಅವಳನ್ನು ಚುಚ್ಚಿತು. ಅಷ್ಟು ಹಳೆಯ ಫೈಲು ಹೊಸ ಕಂಪ್ಯೂಟರಿನಲ್ಲಿ ಇಷ್ಟು ಸಲೀಸಾಗಿ ತೆರೆದುಕೊಳ್ಳುವುದು ಹೇಗೆ?

"ಮಾವ, ನೀವು ತೆರೆದಾಗ ಫಾಂಟ್ ಇಲ್ಲ ಅಂತ ಏನಾದ್ರೂ ಬಂತಾ?"

"ಬಂತು. ಫಾಂಟ್ ಇಲ್ಲದ ಕಡೆಯೆಲ್ಲ ಗುಲಾಬಿ ಬಣ್ಣ ಬಳಿದಿತ್ತು. ಎಲ್ಲಾನೂ ಒಂದೇ ಏಟಿಗೆ ನಮ್ಮ ಮಾಮೂಲಿ ಫಾಂಟಿಗೆ ಬದಲಾಯಿಸಿದೆ. ನಿನಗಾಗಿದ್ರೆ ಅರ್ಧ ದಿನ ಹಿಡೀತಿತ್ತು."

ಅವಳು ಮೆಷಿನ್ ಪಕ್ಕದ ರಾಶಿಯಿಂದ ಒಂದು ಹಾಳೆ ಎಳೆದುಕೊಂಡಳು. ಔಷಧಿಯ ಹೆಸರು ಸರಿ, ಅಂಕಿ ಸರಿ. ಅಂಕಿಯ ಮುಂದೆ 'mg', ಅಂದರೆ ಮಿಲಿಗ್ರಾಂ ಅಂತಿತ್ತು. ಅಲ್ಲಿ ಇರಬೇಕಾದದ್ದು ಮೈಕ್ರೋಗ್ರಾಂ.

ಆದದ್ದಿಷ್ಟು. ಮೈಕ್ರೋ ಅನ್ನುವುದಕ್ಕೆ 'µ' ಅಂತ ಬಾಲವಿರುವ ಒಂದು ಚಿಹ್ನೆ ಇದೆ. ಹಳೆಯ ಫೈಲಿನಲ್ಲಿ ಅದನ್ನು ಸಾದಾ 'm' ಒತ್ತಿ, ಮೇಲೆ ಚಿಹ್ನೆಗಳ ಫಾಂಟು ತೊಡಿಸಿ ಮೂಡಿಸಿದ್ದರು. ಫಾಂಟು ಕಳಚಿದ್ದೇ ತಡ, ಒಳಗಿದ್ದ 'm' ಹೊರಗೆ ಬಂದಿತ್ತು. ಅಂದರೆ ಮಿಲಿ. ಅಂದರೆ ಸಾವಿರ ಪಟ್ಟು.

ಅವಳು ಮೆಷಿನ್‌ಮನ್ ಹತ್ತಿರ ಹೋಗಿ "ನಿಲ್ಲಿಸಿ" ಅಂದಳು. ಬಾಯಿ ಇನ್ನೂ ಮರಗಟ್ಟಿದ್ದರಿಂದ ಮಾತು ಕಲಸಿಕೊಂಡು ಬಂತು. ಆತ "ಏನು?" ಅಂದ. ಅವಳು ಮತ್ತೆ ಹೇಳುವ ಗೋಜಿಗೆ ಹೋಗದೆ ಕೈ ಚಾಚಿ ಕೆಂಪು ಗುಂಡಿ ಒತ್ತಿದಳು. ಮೆಷಿನ್ ಏದುಸಿರು ಬಿಟ್ಟು ನಿಂತಿತು.

"ಒತ್ತಿದ್ದು ನಾನಲ್ಲ ಯಜಮಾನರೇ," ಅಂದ ಮೆಷಿನ್‌ಮನ್, ಎರಡೂ ಕೈ ಮೇಲೆತ್ತಿ.

ಮಾವ ಕನ್ನಡಕ ಹಣೆಗೇರಿಸಿಕೊಂಡು ಬಂದರು. ಅವಳು ಹಾಳೆ ತೋರಿಸಿ ಹೇಳಿದಳು. ಅವರು ಬಹಳ ಹೊತ್ತು ನೋಡಿದರು. ಮುಖ ಬಾಡಿತು, ಆದರೆ ದನಿ ಬಗ್ಗಲಿಲ್ಲ.

"ಪ್ರೂಫಿಗೆ ಅವರೇ ಸಹಿ ಹಾಕಿದ್ದಾರೆ. ಜವಾಬ್ದಾರಿ ಅವರದು. ಬೇಕಾದ್ರೆ ತಪ್ಪೊಪ್ಪಿನ ಚೀಟಿ ಒಂದು ಅಂಟಿಸೋಣ."

"ಚೀಟಿ ಉದುರಿಹೋಗುತ್ತೆ ಮಾವ. ಪುಸ್ತಕ ಉಳಿಯುತ್ತೆ."

"ಗುಂಡಿ ಒತ್ತೋಕೆ ನಿನಗೆ ಯಾರು ಹೇಳಿದ್ದು? ಈ ಪ್ರೆಸ್ಸು ನಿನ್ನದಾ? ನಡಿ ಮನೆಗೆ."

"ಹೋಗಲ್ಲ," ಅಂದಳು. ಆ ಮಾತು ಮಾತ್ರ ಚೂರೂ ಕಲಸಿಕೊಳ್ಳಲಿಲ್ಲ. "ಈ ಹಾಳೆಗಳನ್ನ ಕತ್ತರಿಸಿ ಚೂರು ಮಾಡೋವರೆಗೂ ಹೋಗಲ್ಲ. ನೀವು ಮತ್ತೆ ಓಡಿಸಿದ್ರೆ ಮತ್ತೆ ನಿಲ್ಲಿಸ್ತೀನಿ."

ಮಾವ ಮೆಷಿನ್‌ಮನ್ ಕಡೆ ತಿರುಗಿದರು. ಆತ ಅಲ್ಲೇ ಬಿದ್ದಿದ್ದ ಬಟ್ಟೆ ತೆಗೆದುಕೊಂಡು, ಒಂದು ತೊಟ್ಟು ಮಸಿಯೂ ಇಲ್ಲದ ಕಡೆ ಒರೆಸತೊಡಗಿದ. ಅವನಿಗೂ ಮನೆಯಲ್ಲಿ ಕೈಗೂಸಿತ್ತು.

ಕೊನೆಗೆ ಮಾವ ಕುರ್ಚಿಗೆ ಕುಸಿದರು. "ಆಯ್ತು ತಾಯಿ, ಮತ್ತೆ ಮಾಡೋಣ. ಆಸ್ಪತ್ರೆಗೆ ಮೆಷಿನ್ ಕೆಟ್ಟಿದೆ ಅಂತ ಹೇಳ್ತೀನಿ. ಮಾತು ಇಲ್ಲಿಗೆ ಮುಗೀತು."

ಮುಗಿದಿರಲಿಲ್ಲ. "ಪ್ರೂಫು ಎಲ್ಲಿದೆ?" ಅಂತ ಕೇಳಿದಳು.

"ಸಹಿ ಹಾಕಿದ ಪುಟ ಮಾತ್ರ ವಾಪಸ್ ಬಂತು. ಉಳಿದದ್ದು ಅಲ್ಲೇ ಇರಬೇಕು."

ಅವಳು ಫೋನು ಕೈಗೆತ್ತಿಕೊಂಡಳು. ಮಾವ ಎದ್ದು ಅಡ್ಡ ಬಂದರು. ಈಗ ದನಿಯಲ್ಲಿ ಸಿಟ್ಟಿಗಿಂತ ಬೇಡಿಕೆಯೇ ಹೆಚ್ಚಿತ್ತು. "ಬೇಡ ಕಣೇ. ನಮ್ಮ ಕೈಯಾರೆ ಹೀಗಾಯ್ತು ಅಂದ್ರೆ ನಾಳೆಯಿಂದ ಈ ಬಾಗಿಲಿಗೆ ಯಾರು ಬರ್ತಾರೆ? ನಿಮ್ಮತ್ತೆ ಮುಖವನ್ನಾದ್ರೂ ನೋಡು."

ಅತ್ತೆಯ ಮುಖ ಕಣ್ಣ ಮುಂದೆ ಬಂತು. ಬೆಳಿಗ್ಗೆ ಅವಳ ಕೆನ್ನೆಗೆ ಬಿಸಿನೀರಿನ ಬಟ್ಟೆ ಇಟ್ಟವರು ಅವರು. ಆದರೂ ಅವಳ ಬೆರಳು ನಿಲ್ಲಲಿಲ್ಲ. "ಪಕ್ಕಕ್ಕೆ ಸರೀರಿ ಮಾವ."

ಹೆಡ್ ನರ್ಸ್ ಎತ್ತಿದರು. ಅವಳು ಸುತ್ತಿ ಬಳಸದೆ ಹೇಳಿದಳು. "ಸಿಸ್ಟರ್, ನಾವು ಕಳಿಸಿದ ಪ್ರೂಫಿನಲ್ಲಿ ಮೈಕ್ರೋ ಇರೋ ಕಡೆಯೆಲ್ಲ ಮಿಲಿ ಆಗಿದೆ. ತಪ್ಪು ನಮ್ಮದು. ಆ ಹಾಳೆಗಳನ್ನ ಯಾರೂ ನೋಡಬಾರದು."

ಆ ಕಡೆಯಿಂದ ಕುರ್ಚಿ ಸರಿದ ಸದ್ದು, ಯಾರನ್ನೋ ಕೂಗಿದ ದನಿ, ಹಾಳೆ ಹರಿದ ಸದ್ದು.

"ಹೊಸದಾಗಿ ಬಂದ ಹುಡುಗಿಯರು ಇದನ್ನೇ ಇಟ್ಟುಕೊಂಡು ಓದ್ತಿದ್ರು," ಅಂದರು ಹೆಡ್ ನರ್ಸ್. "ನಾನು ಅಂಕಿ ಮಾತ್ರ ನೋಡಿದೆ. ನಿಮ್ಮವರು ಇಂಥ ಕೆಲಸ ಹೇಗೆ ಮಾಡಿದ್ರು? ಈ ಪುಸ್ತಕ ಸರಿಮಾಡಿಕೊಡಿ. ಮುಂದಿನ ಕೆಲಸ ನಿಮಗೆ ಕೊಡಬೇಕೋ ಬೇಡವೋ, ಅದು ನನ್ನ ಕೈಯಲ್ಲಿಲ್ಲ."

"ಆಗಲಿ ಸಿಸ್ಟರ್. ಈ ಸಲ ಚಿಹ್ನೆ ಬೇಡ. ಮೈಕ್ರೋಗ್ರಾಂ ಅಂತ ಪೂರ್ತಿ ಅಕ್ಷರದಲ್ಲೇ ಬರೀತೀನಿ."

ಫೋನಿಟ್ಟಾಗ ಮಾವ ಅವಳನ್ನೇ ನೋಡುತ್ತಿದ್ದರು. "ಸಂತೋಷ ಆಯ್ತಾ?"

"ಸಂತೋಷ ಎಲ್ಲಿಂದ ಬರಬೇಕು? ಆದ್ರೆ ಇನ್ನೊಂದು ಸಲ ಹೀಗಾದ್ರೂ ಇದೇ ಮಾಡೋದು."

ಮೆಷಿನ್‌ಮನ್ ಹಾಳೆಗಳನ್ನು ಕಟಿಂಗ್ ಮೆಷಿನ್ನಿಗೆ ಕೊಟ್ಟ. ಅವಳು ಹಳೆಯ ಮುದ್ರಣದ ಪ್ರತಿಯೊಂದನ್ನು ಹುಡುಕಿ ತಂದು, ಕೆಟ್ಟ ಫೈಲನ್ನು ಬದಿಗೊತ್ತಿ, ಮೂಲ ಫೈಲನ್ನೇ ಮತ್ತೆ ತೆರೆದಳು. ಪರದೆಯ ತುಂಬ ಗುಲಾಬಿ ಬಣ್ಣ ಚಿಮ್ಮಿತು. ಸ್ವಲ್ಪ ಹೊತ್ತಿಗೆ ಮಾವ ತಮ್ಮ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಮುಖ ಗಂಟು. ಹಳೆಯ ಪುಸ್ತಕ ಬಿಡಿಸಿಕೊಂಡು ಒಂದೊಂದೇ ಸಾಲು ಓದತೊಡಗಿದರು, ಅವಳು ಒಂದೊಂದೇ ಕಡೆ ಅಕ್ಷರ ತುಂಬುತ್ತ ಹೋದಳು.

ಒಂದು ಪುಟದಲ್ಲಿ ಫಾಂಟ್ ಇಲ್ಲ ಅನ್ನುವ ಎಚ್ಚರಿಕೆಯ ಚೌಕ ಮತ್ತೆ ಎದ್ದು ನಿಂತಿತು. ಬೇಸತ್ತ ಮಾವನ ಕೈ ತಾನಾಗಿಯೇ ಮೌಸಿನ ಕಡೆ ಹೋಯಿತು. ಅವಳು ಆ ಕೈ ಹಿಡಿದು ಮೇಜಿನ ಮೇಲಿಟ್ಟಳು.

"ನೀವು ಓದಿ ಮಾವ. ಇದನ್ನ ಮುಟ್ಟೋದು ನಾನು."

ಅವರು ಗೊಣಗಿದರು. ಆಮೇಲೆ ಮುಂದಿನ ಸಾಲು ಓದಿದರು.